ಬಾವಿಗೆ ಬಿಟ್ಟ ಮೀನು

ಹಿಂದಿನ ಸೀಟಿನಲ್ಲಿ ಕುಳಿತ ಮಾಜಿದಾ ಗಾಳಿ ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ನೋಡುತ್ತಿದ್ದಳು. ಮುಂದೆ ಗಂಡ ಬಾಸಿತ್ ಕಾರು ನಡೆಸುತ್ತಿದ್ದ. ಅವನ ಪಕ್ಕದಲ್ಲಿ ಅವನ ತಾಯಿ ಬೀಫಾತುಮ್ಮ, ಮಾಜಿದಾಳ ಬಾಯಲ್ಲಿ ಮಾಮಿ, ಮಡಿಲಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ತುಟಿಯಲ್ಲೇ ದೇವರ ಹೆಸರಿನ ದ್ಸಿಕ್ರ್ ಹೇಳಿಕೊಳ್ಳುತ್ತಿದ್ದರು. ಬಾಸಿತನ ಕಡೆಯ ಗಾಜು ಅರ್ಧ ಇಳಿದಿತ್ತು. ಅಲ್ಲಿಂದ ಒಳಬಂದ ಗಾಳಿ ಅವನ ಕಿವಿಯ ಹಿಂದಿನ ಕೂದಲನ್ನು ಅಲುಗಿಸಿ, ಹಿಂದಕ್ಕೆ ಬಂದು ಅವಳ ಬುರ್ಖಾದ ತೋಳನ್ನು ಉಬ್ಬಿಸಿ, ಆಮೇಲೆ? ಹಿಂದಿನ ಗಾಜುಗಳೆರಡೂ ಮುಚ್ಚಿದ್ದವು. ಹೊರಹೋಗಲು ದಾರಿಯಿಲ್ಲದ ಗಾಳಿ ತಿರುಗಿ ಅವನ ಹತ್ತಿರಕ್ಕೇ ಹೋಗಬೇಕು. ಹೋಗುವಾಗ ಬರಿಗೈಯಲ್ಲಿ ಹೋಗುತ್ತದೆಯೆ? ಅವಳು ಕಾಲುಗಳನ್ನು ಬಿಗಿಯಾಗಿ ಒತ್ತಿಕೊಂಡು ಬಾಗಿಲಿನ ಕಡೆಗೆ ಸರಿದಳು. ಸರಿದದ್ದರಿಂದ ಬಟ್ಟೆ ಅಲುಗಿತು, ಬಟ್ಟೆ ಅಲುಗಿದ್ದರಿಂದ ಊದ್ ಅತ್ತರೆಣ್ಣೆಯ ಘಾಟು ಎದ್ದಿತು. ಅದರ ಕೆಳಗೆ ಬಖೂರಿನ ಧೂಪದ ಹೊಗೆ, ಅದರ ಕೆಳಗೆ ಗಾಯ ತೊಳೆಯುವ ಔಷಧಿಯ ಆಸ್ಪತ್ರೆ ವಾಸನೆ. ಇವೆಲ್ಲದರ ಕೆಳಗೆ, ಚಾಪೆಗಳ ಅಡಿಯಲ್ಲಿ ಸತ್ತ ಇಲಿಯಂತೆ, ಅದು.

ಬಾಸಿತ್ ಶಾರ್ಜಾದಲ್ಲಿ ಅತ್ತರಿನ ಅಂಗಡಿಯಲ್ಲಿ ಕೆಲಸದವನು. ಒಂದು ಹನಿ ಮೂಸಿದರೆ ಅದರಲ್ಲಿ ಏನೇನು ಬೆರೆತಿದೆ ಎಂದು ಹೇಳುವವನು. ರಜೆಯಲ್ಲಿ ಬಂದಾಗ ಗೇಟಿನಲ್ಲೇ ನಿಂತು, "ಇವತ್ತು ಕೊತ್ತಂಬರಿ ಹುರಿದದ್ದು ಸ್ವಲ್ಪ ಸೀದಿದೆ ಅಲ್ವಾ ಉಮ್ಮಾ?" ಎಂದು ಕೇಳುತ್ತಿದ್ದ. ಮಾಮಿ ನೆರೆಯವರ ಹತ್ತಿರ, "ನನ್ನ ಮಗನ ಕೈಕಾಲಿಗೆ ಅಲ್ಲ, ಮೂಗಿಗೆ ಅರಬಿಗಳು ಕೆಲಸ ಕೊಟ್ಟದ್ದು," ಎನ್ನುತ್ತಿದ್ದರು. ಎಲ್ಲರೂ ನಗುವಾಗ ಮಾಜಿದಾಳೂ ನಗುತ್ತಿದ್ದಳು. ಎಷ್ಟು ಹೆಣ್ಣುಗಳನ್ನು ನೋಡಿ, ಕೊನೆಗೆ ಸಿದ್ಧಕಟ್ಟೆಯಲ್ಲಿ ಮೊಪೆಡಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಮೀನು ಮಾರುವ ಹಸನಬ್ಬನ ಮಗಳನ್ನು ಆ ಮೂಗು ಒಪ್ಪಿತಲ್ಲ ಎಂಬುದು ಅವಳಿಗೆ ಮದುವೆಯ ದಿನದಿಂದಲೂ ಬಿಡಿಸಲಾಗದ ಒಗಟು. ಶಾಲೆಯಲ್ಲಿ ಅವಳ ಬೆಂಚಿನ ಹುಡುಗಿಯರು ಅವಳು ಬಂದು ಕುಳಿತ ಕೂಡಲೇ "ಪೋಂಯ್, ಪೋಂಯ್" ಎಂದು ಅಪ್ಪನ ಹಾರ್ನಿನ ಸದ್ದು ಮಾಡಿ ಮೂಗು ಹಿಡಿದುಕೊಳ್ಳುತ್ತಿದ್ದರು. ಉಪ್ಪ, ಎಂದರೆ ಅವಳ ಅಪ್ಪ, ಮನೆಗೆ ಬಂದು ಸಾಬೂನು ಹಾಕಿ ಉಜ್ಜಿ ಮಿಂದು, ಬಿಳಿ ಟೊಪ್ಪಿ ಇಟ್ಟು ನಮಾಜಿಗೆ ನಿಂತರೂ ಉಗುರಿನ ಸಂದಿಯಲ್ಲಿ ಬಂಗುಡೆ ಇರುತ್ತಿತ್ತು. ದೇವರು ಅದನ್ನು ಹೇಗೆ ಸಹಿಸುತ್ತಾನೆ ಎಂದು ಸಣ್ಣವಳಿದ್ದಾಗ ಅವಳು ಯೋಚಿಸುತ್ತಿದ್ದಳು. ಸಹಿಸುತ್ತಿದ್ದ, ಅಷ್ಟೇ ಗೊತ್ತು.

"ಕಾರಿನಲ್ಲಿ ಸೆಖೆ ಉಂಟಾ ಹಿಂದೆ?" ಬಾಸಿತ್ ಕನ್ನಡಿಯಲ್ಲಿ ನೋಡಿ ಕೇಳಿದ.

"ಇಲ್ಲ," ಎಂದಳು.

ಅವನು ಗಾಜನ್ನು ಇನ್ನಷ್ಟು ಇಳಿಸಿದ. ಅವನು ಗಾಜು ಇಳಿಸುವುದನ್ನು, ಕಿಟಕಿ ತೆರೆಯುವುದನ್ನು ಅವಳು ಈಗ ಮೈಯಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಈ ರಜೆಯಲ್ಲಿ ಅವನು ಊರಿಗೆ ಬಂದ ಮೊದಲ ಸಂಜೆಯಿಂದ ಹೀಗೆ. ಅವಳು ಕೋಣೆಯ ಬಾಗಿಲು ಹಾಕಿಕೊಂಡು, ಅವನೇ ಹಿಂದಿನ ಸಲ ತಂದಿದ್ದ ಬಖೂರಿನ ಚೂರನ್ನು ಕೆಂಡದ ಮೇಲಿಟ್ಟು, ಅರಬಿ ಹೆಂಗಸರು ಉಡುಪಿಗೆ ಪರಿಮಳ ಹಿಡಿಸುವುದು ಹೀಗೆ ಎಂದು ಅವನೇ ಒಮ್ಮೆ ಫೋನಿನಲ್ಲಿ ವರ್ಣಿಸಿದಂತೆ, ಕೆಂಡದ ಕುಡಿಕೆಯ ಮೇಲೆ ಕಾಲು ಅಗಲಿಸಿ ನಿಂತು ಹೊಗೆಯನ್ನು ಲಂಗದೊಳಗೆ ತುಂಬಿಕೊಂಡಿದ್ದಳು. ಕಣ್ಣಲ್ಲಿ ನೀರು, ತೊಡೆಗೆ ಕಾವು. ಅವನು ಒಳಗೆ ಬಂದ, ನಕ್ಕ, ಹತ್ತಿರ ಬಂದ, ಹತ್ತಿರ ಬಂದು ಒಂದು ಕ್ಷಣ ನಿಂತ. ಆಮೇಲೆ ಏನೂ ಹೇಳದೆ ಅವಳನ್ನು ದಾಟಿ ಹೋಗಿ ಕಿಟಕಿಯ ಎರಡೂ ಬಾಗಿಲು ತೆರೆದುಬಿಟ್ಟ. ಬೈದಿದ್ದರೆ ಅಳಬಹುದಿತ್ತು, ಕೇಳಿದ್ದರೆ ಸುಳ್ಳು ಹೇಳಬಹುದಿತ್ತು. ತೆರೆದ ಕಿಟಕಿಗೆ ಏನು ಉತ್ತರ ಕೊಡುವುದು? ಅಂದಿನಿಂದ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾಳೆ. ಅವನು ಸೆಖೆ ಎಂದು ಚಾವಡಿಯ ಮಂಚಕ್ಕೆ ಹೋಗುತ್ತಾನೆ. ರಜೆ ಮುಗಿಯುತ್ತ ಬಂತು. ಹೀಗೇ ಅವನು ವಿಮಾನ ಹತ್ತಿದರೆ ಅಲ್ಲಿಗೆ ಏನನ್ನು ಕೊಂಡುಹೋಗುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೆಂಡತಿಯ ಬೆನ್ನನ್ನು. ಮತ್ತೆ ಅದನ್ನು.

ಇವತ್ತು ಮೂಡುಬಿದಿರೆಗೆ ಹೊರಟದ್ದು ಅದಕ್ಕಲ್ಲ. ಅದು ಯಾರಿಗೂ ಗೊತ್ತಿಲ್ಲ. "ಮದುವೆಯಾಗಿ ಇಷ್ಟಾಯ್ತು, ಮಡಿಲು ತುಂಬ್ಲಿಲ್ಲ. ಅವನು ಇರುವಾಗಲೇ ಲೇಡಿ ಡಾಕ್ಟರಿಗೆ ತೋರಿಸುವ," ಎಂದು ಮಾಮಿ ನಿಶ್ಚಯಿಸಿದ್ದರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಚ್ಚಲಿಗೆ ಹೋಗಿ, ನೀರಿಗೆ ಬಿದ್ದರೆ ಹಾಲಿನಂತೆ ಬೆಳ್ಳಗಾಗುವ ಆ ಔಷಧಿಯನ್ನು ಎಂದಿಗಿಂತ ಜಾಸ್ತಿ ಹೊಯ್ದು, ಒಳಗಿನವರೆಗೆ ತೊಳೆದುಕೊಂಡಿದ್ದಳು. ಡಾಕ್ಟರ ಎದುರು ಹೋಗುವಾಗಲಾದರೂ ಶುಚಿಯಾಗಿ ಹೋಗಬೇಕಲ್ಲ. ಉರಿ ಈಗಲೂ ಇತ್ತು. ಉರಿದರೆ ಶುದ್ಧವಾಗುತ್ತಿದೆ ಎಂದೇ ಅವಳ ಎಣಿಕೆ.

ಮೊದಲು ಇಷ್ಟೆಲ್ಲ ಇರಲಿಲ್ಲ. ಮೊದಲು ಇದ್ದದ್ದು ಬರೀ ಒದ್ದೆ. ಕೆಲವು ದಿನ ಕೋಳಿಮೊಟ್ಟೆಯ ಬಿಳಿಯಂತೆ ಎಳೆ ಎಳೆಯಾಗಿ, ಕೆಲವು ದಿನ ಗಂಜಿಯ ತಿಳಿಯಂತೆ, ಒಣಗಿದರೆ ಬಟ್ಟೆಯ ಮೇಲೆ ತೆಳು ಹಳದಿ. ವಾಸನೆ ಎಂದರೆ ಹುಳಿಬಂದ ಹಿಟ್ಟಿನಷ್ಟು, ಅದೂ ಮೂಗಿಗೆ ಹಿಡಿದರೆ. ಅವಳು ಸಣ್ಣವಳಿರುವಾಗಲೇ ಉಮ್ಮ ತೀರಿಹೋಗಿದ್ದರಿಂದ ಕೇಳಲು ಯಾರೂ ಇರಲಿಲ್ಲ. ಮದ್ರಸದಲ್ಲಿ ಕಲಿತದ್ದು ಶುಚಿತ್ವ ಈಮಾನಿನ, ಎಂದರೆ ನಂಬಿಕೆಯ, ಅರ್ಧ ಎಂದು. ಎಲ್ಲಿಯವರೆಗಿನ ಶುಚಿತ್ವ ಎಂದು ಕೇಳುವ ಧೈರ್ಯ ಯಾವ ಹುಡುಗಿಗಿತ್ತು? ಲುಹರ್‌ ಎಂಬ ಮಧ್ಯಾಹ್ನದ ನಮಾಜಿಗೆ ನಿಂತಾಗ ಒದ್ದೆ ಅನಿಸಿದರೆ ಹೋಗಿ ತಲೆಗೂ ನೀರು ಹೊಯ್ದುಕೊಂಡು ಬರುತ್ತಿದ್ದಳು, ಸಂಜೆಯ ಅಸರಿಗೆ ಮತ್ತೆ. ನೀರು ಸಾಲದು ಅನಿಸಿ ಸಾಬೂನು, ಸಾಬೂನು ಸಾಲದೆ ಔಷಧಿ. ತೊಳೆದಷ್ಟೂ ಅದು ದೂರ ಹೋಗುವ ಬದಲು ಯಾರೋ ಕರೆದಂತೆ ಹತ್ತಿರ ಬಂತು. ಬೂದುಬಣ್ಣಕ್ಕೆ ತಿರುಗಿ ನೀರಾಯಿತು. ಒಂದು ಮಧ್ಯಾಹ್ನ ಬಟ್ಟೆ ಒಗೆಯುವಾಗ ಅವಳಿಗೆ ಸ್ಪಷ್ಟವಾಗಿ, ತಪ್ಪಿಸಿಕೊಳ್ಳಲಾಗದಂತೆ, ಉಪ್ಪನ ಮೊಪೆಡಿನ ಪೆಟ್ಟಿಗೆಯ ವಾಸನೆ ಬಂತು. ಸಂಜೆಯ, ಐಸು ಕರಗಿದ ಮೇಲಿನ ಪೆಟ್ಟಿಗೆ. ಅವಳು ಒಗೆಯುವ ಕಲ್ಲಿನ ಮೇಲೆಯೇ ಕುಳಿತುಬಿಟ್ಟಳು. ಮೀನು ಮೈಯೊಳಗೇ ಇತ್ತು, ಇಷ್ಟು ದಿನ ಅಡಗಿತ್ತು, ಈಗ ಹೊರಬಂತು. ಬೆಂಚಿನ ಹುಡುಗಿಯರು ಹೇಳಿದ್ದು ಸುಳ್ಳಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಖಾಲಿಯಿದ್ದದ್ದು ಗೋಡೆಯ ಮೂಲೆಯ ಕುರ್ಚಿಗಳು. ಬಾಸಿತ್ ಕಾರು ನಿಲ್ಲಿಸಲು ಹೋದ. ಗಂಡಸರು ಕೆಳಗೇ ಕೂರಬೇಕೆಂದು ಬೋರ್ಡಿತ್ತು. ಮಾಮಿ ಈಚೆಯ ಕುರ್ಚಿಯಲ್ಲಿ ಕುಳಿತು ಅವಳನ್ನು ಗೋಡೆಯ ಬದಿಗೆ, ಮೂಲೆಗೆ ಕೂರಿಸಿದರು. ಬೆಳ್ತಂಗಡಿಯಿಂದ ಮಗಳನ್ನು ಕರೆತಂದಿದ್ದ ನೀಲಾವತಿ ಎಂಬ ಹೆಂಗಸು ಎದುರಿಗಿದ್ದರು. ಮಾತಾಡದೆ ಕೂರುವುದು ಅವರಿಗೆ ಕಷ್ಟವಿತ್ತು.

"ಎಂತ ವಿಷಯ?" ಅವರು ಮಾಮಿಯನ್ನು ಕೇಳಿದರು.

"ಸೊಸೆಗೆ. ಇನ್ನೂ ಆಗ್ಲಿಲ್ಲ."

"ಓ. ಆಗ್ತದೆ ಮಾರಾಯ್ರೆ, ದೇವರಿದ್ದಾನೆ. ಧರ್ಮಸ್ಥಳದಲ್ಲಿ ನನ್ನ ನಾದಿನಿಗೆ ಹೀಗೇ ಕಾದು ಕಾದು ಕೊನೆಗೆ ಅವಳಿಜವಳಿ." ಮೂಗನ್ನು ಮೇಲೆತ್ತಿ ಗಾಳಿಯನ್ನೊಮ್ಮೆ ಎಳೆದುಕೊಂಡರು. ಮಾಜಿದಾ ಬುರ್ಖಾದ ಅಂಚನ್ನು ಕಾಲಿಗೆ ಒತ್ತಿಕೊಂಡಳು. "ಯಾರದ್ದು ಸೆಂಟು? ಹೋ, ನಿಮ್ಮ ಸೊಸೆಯದ್ದಾ! ಇಡೀ ಬಾಟ್ಲಿ ಕವುಚಿ ಹಾಕಿಕೊಂಡು ಬಂದದ್ದಾ ಮಗಳೇ? ನನಗೆ ಕೂತಲ್ಲೇ ತಲೆ ತಿರುಗ್ತದೆ!"

ಸುತ್ತಲಿನವರು ನಕ್ಕರು. ಮಾಮಿಯೂ ಸ್ವಲ್ಪ ನಕ್ಕರು. ಮಾಜಿದಾ ಗೋಡೆಗೆ ಒರಗಿದಳು. ಗೋಡೆ ಇನ್ನೂ ಸ್ವಲ್ಪ ಹಿಂದಕ್ಕಿದ್ದರೆ ಚೆನ್ನಾಗಿತ್ತು. ಉಮ್ಮನ ಉಮ್ಮ ಒಂದು ಕಥೆ ಹೇಳುತ್ತಿದ್ದರು. ಒಬ್ಬಳಿಗೆ ತನ್ನ ನೆರಳು ಕೊಳಕು ಅಂತ ಕಂಡಿತಂತೆ. ಹೊಳೆಬದಿಗೆ ಹೋಗಿ ಕಲ್ಲಿನ ಮೇಲೆ ನೆರಳನ್ನು ಹರಡಿ ತಿಕ್ಕಿದಳಂತೆ. ತಿಕ್ಕಿದ ಹಾಗೆ ಹೊತ್ತು ಇಳಿಯಿತು, ಹೊತ್ತು ಇಳಿದ ಹಾಗೆ ನೆರಳು ಉದ್ದವಾಯಿತು, ಉದ್ದವಾದ ಹಾಗೆ ಅವಳು ಇನ್ನೂ ತಿಕ್ಕಿದಳು. "ಮತ್ತೆ?" ಎಂದು ಕೇಳಿದರೆ ಅಜ್ಜಿ, "ಮತ್ತೆ ಎಂತ, ಕತ್ತಲೆಯಾಯಿತು. ದೇವರು ಎಲ್ಲರ ನೆರಳನ್ನೂ ಒಟ್ಟಿಗೆ ಮಡಚಿ ಇಟ್ಟ. ಅವಳು ಮನೆಗೆ ಬಂದು ಗಂಜಿ ಉಂಡಳು," ಎನ್ನುತ್ತಿದ್ದರು. ಇದೆಂಥ ಕಥೆ ಎಂದು ಆಗ ಸಿಟ್ಟು ಬರುತ್ತಿತ್ತು. ಈಗ ಅವಳ ಹೆಸರು ಕರೆದರು.

ಡಾಕ್ಟರ್ ಸಾತ್ವಿಕಾ ಎಳೆಯ ವಯಸ್ಸಿನವರು, ದೊಡ್ಡ ಗಂಟಲಿನವರು. ಕೇಳಿದ ಪ್ರಶ್ನೆಗೆಲ್ಲ ಮಾಮಿಯೇ ಉತ್ತರ ಕೊಟ್ಟರು. ತಿಂಗಳಿಗೆ ಸರಿಯಾಗಿ ಆಗ್ತದಾ? "ಆಗ್ತದೆ." ಗಂಡ ಎಲ್ಲಿರೋದು? "ಶಾರ್ಜಾ." ಬೇರೆ ಏನಾದರೂ ತೊಂದರೆ? "ಏನಿಲ್ಲ, ಆರೋಗ್ಯ ಚಂದ ಉಂಟು." ಮಾಜಿದಾ ಮೇಜಿನ ಮೇಲಿನ ಗಾಜಿನ ಕೆಳಗೆ ಸಿಕ್ಕಿಬಿದ್ದು ಸತ್ತಿದ್ದ ಒಂದು ಇರುವೆಯನ್ನು ನೋಡುತ್ತಿದ್ದಳು. ಹೇಳಬೇಕು, ಈಗ ಹೇಳಬೇಕು. ಆದರೆ ಯಾವ ಮಾತಿನಲ್ಲಿ? ಮಾಮಿಯ ಮೊಣಕೈ ಅವಳ ಮೊಣಕೈಗೆ ತಾಗುತ್ತಿತ್ತು.

"ಆಯ್ತು, ಒಳಗೆ ಮಲಗಿ. ಒಮ್ಮೆ ನೋಡುವ."

ಒಳಗೆ ಎಂದರೆ ಹಸಿರು ಪರದೆಯ ಆಚೆ. ನಡುವೆ ಗೋಡೆಯಿಲ್ಲ. ಪರದೆಯ ಕೆಳಗಿನಿಂದ ಮಾಮಿಯ ಚಪ್ಪಲಿಗಳು ಕಾಣುತ್ತಿದ್ದವು. ಮಾಜಿದಾ ಮಲಗಿ ಚಾವಣಿಯ ಫ್ಯಾನನ್ನು ನೋಡಿದಳು. ಅದು ನಿಂತಿತ್ತು. ನಿಂತದ್ದೇ ಒಳ್ಳೆಯದಾಯಿತು. ಡಾಕ್ಟರ ಕೈಗವಸಿನ ಸದ್ದು. ತಣ್ಣಗಿನ ದೀಪ. ಅವರ ಕೈ ಒಂದು ಕ್ಷಣ ನಿಂತಿತು. ಬಾಸಿತ್ ನಿಂತನಲ್ಲ, ಆ ಒಂದು ಕ್ಷಣದ ಹಾಗೆಯೇ. ಈಗ ಇವರೂ ಹೋಗಿ ಕಿಟಕಿ ತೆರೆಯುತ್ತಾರೆ ಎಂದು ಅವಳು ಕಣ್ಣು ಮುಚ್ಚಿದಳು.

"ಇಷ್ಟು ಕೆಂಪಾಗಿದೆಯಲ್ಲ. ಎಂತ ಹಾಕಿ ತೊಳೀತೀರಿ?"

ಅವಳು ತುಟಿ ಮಾತ್ರ ಅಲುಗಿಸಿ ಔಷಧಿಯ ಹೆಸರು ಹೇಳಿದಳು.

"ಅದನ್ನಾ? ಒಳಗೆ?" ಡಾಕ್ಟರ ದನಿ ಪರದೆಯನ್ನು, ಬಾಗಿಲನ್ನು, ಬಹುಶಃ ವರಾಂಡವನ್ನೂ ದಾಟಿತು. "ಯಾಕೆ? ವಾಸನೆ ಅಂತಲಾ?"

ಪರದೆಯ ಕೆಳಗೆ ಚಪ್ಪಲಿಗಳು ಅಲುಗಿದವು. ಎಲ್ಲ ಮುಗಿಯಿತು ಎಂದು ಮಾಜಿದಾಳಿಗೆ ಅನಿಸಿತು. ಮುಗಿದುಹೋದ ಮೇಲೆ ಬರುವ ಒಂದು ಬರಿದಾದ ನಿರಾಳದಲ್ಲಿ ಅವಳು, "ಮೀನಿನ ಹಾಗೆ," ಎಂದಳು. ಅವಳ ದನಿ ಅವಳಿಗೇ ಜೋರಾಗಿ ಕೇಳಿಸಿತು. "ನನ್ನ ಉಪ್ಪ ಮೀನು ಮಾರುವವರು. ಅದರಿಂದ."

ಡಾಕ್ಟರ್ ನಗಲಿಲ್ಲ. ದೀಪವನ್ನು ಸರಿಸಿ ಅವಳ ಮುಖ ನೋಡಿದರು. ದನಿ ಇಳಿಯಿತು. "ಅಪ್ಪ ಹೂ ಮಾರಿದ್ದರೆ ಮಲ್ಲಿಗೆ ಪರಿಮಳ ಬರ್ತಿತ್ತಾ? ಹೇಳಿ, ಈ ವಾಸನೆ ಶುರುವಾದದ್ದು ಯಾವಾಗ? ಹೀಗೆ ತೊಳೀಲಿಕ್ಕೆ ಶುರು ಮಾಡುವ ಮೊದಲಾ, ಮೇಲಾ?"

"ಮೇಲೆ. ಮೊದಲು ಬರೀ ಬಿಳಿ ಹೋಗುವುದು ಇತ್ತು."

"ಅದು ಎಲ್ಲರಿಗೂ ಹೋಗ್ತದೆ. ನನಗೂ ಹೋಗ್ತದೆ. ಬಾಯಿಯಲ್ಲಿ ಎಂಜಲು ಇಲ್ವಾ, ಹಾಗೆ. ತಿಂಗಳ ಮಧ್ಯದಲ್ಲಿ ತೆಳ್ಳಗೆ ಎಳೆ ಬರ್ತದೆ, ಮತ್ತೆ ಮಂದ ಆಗ್ತದೆ, ಸ್ವಲ್ಪ ಹುಳಿ ವಾಸನೆಯೂ ಇರ್ತದೆ. ಅದು ಕೊಳೆ ಅಲ್ಲ, ಒಳಗಿನದ್ದನ್ನು ಅದೇ ತೊಳೆಯುವುದು. ಅಲ್ಲಿ ಕಣ್ಣಿಗೆ ಕಾಣದ ಒಳ್ಳೆಯ ಜೀವಗಳು ಇರ್ತವೆ, ಕೆಟ್ಟದ್ದು ಬೆಳೆಯದ ಹಾಗೆ ನೋಡಿಕೊಳ್ತವೆ. ನೀವು ಔಷಧಿ ಹೊಯ್ದು ಅವನ್ನೇ ಕೊಂದದ್ದು. ಆಗ ಬೇರೆಯವು ಬಂದು ಕೂರ್ತವೆ. ಈ ಮೀನಿನ ವಾಸನೆ ಅವುಗಳದ್ದು."

ಮಾಜಿದಾ ಚಾವಣಿಯಲ್ಲಿ ಬಾವಿಯನ್ನು ಕಂಡಳು. ಮದುವೆಯಾಗಿ ಪುಂಜಾಲಕಟ್ಟೆಯ ಮನೆಗೆ ಬಂದ ಹೊಸದರಲ್ಲಿ ಬಾವಿಯ ನೀರಿಗೆ ಪಾಚಿಯ ವಾಸನೆ ಉಂಟೆಂದು ಅನಿಸಿ, ಗಂಡನ ಮನೆಯವರಿಗೆ ಹೇಳಲು ನಾಚಿಕೆಯಾಗಿ, ಯಾರೂ ಕಾಣದಾಗ ಬ್ಲೀಚಿಂಗ್ ಪುಡಿಯನ್ನು ಸುರಿದಿದ್ದಳು. ಬೆಳಿಗ್ಗೆ ಮಾಮಿ ಸಾಕಿದ್ದ ಕಪ್ಪು ಬೆನ್ನಿನ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಮಾಮಿ ಬೈಯಲಿಲ್ಲ. ಹಗ್ಗ ಹಿಡಿದು ಬಗ್ಗಿ ನೋಡಿ, "ಹುಳ ತಿಂದುಕೊಂಡು ಇದ್ದವು ಪಾಪ," ಎಂದರು, ಅಷ್ಟೆ. ಪುಡಿಯ ಘಾಟು ಹೋದ ಮೇಲೆ ನೀರಿನಲ್ಲಿ ಸೊಳ್ಳೆಮರಿಗಳು ಕುಣಿಯತೊಡಗಿದವು. ಆ ಬಿಳಿ ಹೊಟ್ಟೆಗಳು ಇಷ್ಟು ದಿನ ತನ್ನೊಳಗೇ ತೇಲುತ್ತಿದ್ದವೆ?

ಡಾಕ್ಟರ್ ಹತ್ತಿಯ ಕಡ್ಡಿಯಲ್ಲಿ ಸ್ವಲ್ಪ ತೆಗೆದುಕೊಂಡರು. ಹೊಟ್ಟೆಯ ಕೆಳಗೆ ನೋವುಂಟಾ, ಜ್ವರ ಬಂದದ್ದುಂಟಾ, ತಿಂಗಳ ನಡುವೆ ರಕ್ತ? ಇಲ್ಲ, ಇಲ್ಲ ಎಂದಳು. "ಹಾಗಾದರೆ ಗುಳಿಗೆಯಲ್ಲಿ ಹೋಗ್ತದೆ. ವಾಸನೆ ನಿಂತಿತು ಅಂತ ನಡುವೆ ಬಿಡಬೇಡಿ, ಪೂರ್ತಿ ಮುಗಿಸಿ. ಅದು ಮುಗಿಯುವವರೆಗೆ ಗಂಡನ ಜೊತೆ ಸೇರುವುದು ಬೇಡ. ಇನ್ನು ಮೇಲೆ ಹೊರಗೆ ಮಾತ್ರ, ಬರೀ ನೀರು. ಒಳಗೆ ಏನೂ ಬೇಡ. ಸೆಂಟು ಬೇಡ, ಹೊಗೆ ಬೇಡ. ಮುಂದೆ ಯಾವಾಗಲಾದರೂ ಹೀಗೆ ನಾತ ಬಂದರೆ, ಹಸಿರು ಹಳದಿ ಹೋದರೆ, ಮೊಸರು ಒಡೆದ ಹಾಗೆ ಹೋಗಿ ತುರಿಸಿದರೆ, ನೋವು, ಜ್ವರ ಏನೇ ಬಂದರೂ, ಮುಚ್ಚಿಕೊಂಡು ಕೂರಬೇಡಿ. ಬನ್ನಿ. ಮಕ್ಕಳ ವಿಷಯ ಇದು ಗುಣವಾದ ಮೇಲೆ ಮಾತಾಡುವ. ಗಂಡನನ್ನೂ ಪರೀಕ್ಷೆ ಮಾಡ್ಬೇಕಾಗ್ತದೆ."

"ನಮಾಜಿಗೆ..." ಮಾಜಿದಾ ತಡವರಿಸಿದಳು. "ಒದ್ದೆಯಾದರೆ ನಮಾಜಿಗೆ ಆಗುವುದಿಲ್ಲ ಅಲ್ವಾ, ಹಾಗಾಗಿ ನಾನು..."

"ಅದು ನನಗೆ ಗೊತ್ತಿಲ್ಲ. ನಿಮ್ಮ ಹಿರಿಯರನ್ನೇ ಕೇಳ್ಬೇಕು."

"ಮೇಲೆ ತೊಳೆದು ವುಳು ಮಾಡಿದರೆ ಸಾಕು!" ಪರದೆಯ ಆಚೆಯಿಂದ ಮಾಮಿಯ ದನಿ ಬಂತು, ಕೈಕಾಲು ಮುಖ ತೊಳೆಯುವ ವುಳುವಿನ ನೀರಿನಷ್ಟೇ ತಣ್ಣಗೆ. "ಪ್ರತೀ ಸಲ ಮೀಯ್ಲಿಕ್ಕೆ ಯಾರು ಹೇಳಿದ್ದು ನಿನಗೆ? ನಾನು ಸತ್ತಿದ್ದೇನಾ ಕೇಳ್ಲಿಕ್ಕೆ?"

ವರಾಂಡದಲ್ಲಿ ಮಾಮಿ ಮುಂದೆ, ಅವಳು ಹಿಂದೆ. ನೀಲಾವತಿ ಏನೋ ಕೇಳಲು ಬಾಯಿ ತೆರೆದರು, ಮಾಮಿ ನಿಲ್ಲಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಮಾತ್ರ, ಮೊಣಕಾಲು ಹಿಡಿದುಕೊಂಡು ನಿಂತು, ಹಿಂದಿರುಗಿ ನೋಡದೆ ಹೇಳಿದರು: "ನೀನು ಪುಡಿ ಹಾಕಿದ ಬಾವಿಗೆ ಆಮೇಲೆ ಮೀನು ತಂದು ಬಿಟ್ಟದ್ದು ನಿನ್ನ ಉಪ್ಪ. ನೀನು ಕೋಣೆಯಲ್ಲಿ ಅಡಗಿ ಕೂತಿದ್ದಿ. ಅವರ ಹಾರ್ನು ಕೇಳಿದರೂ ಹೊರಗೆ ಬರ್ಲಿಲ್ಲ." ಅದು ನಿಜ. ಅವತ್ತು ಬಾಸಿತನ ಚಿಕ್ಕಮ್ಮಂದಿರು ಬಂದಿದ್ದರು. ಕಿಟಕಿಯ ಸಂದಿಯಿಂದ ನೋಡಿದ್ದಳು: ಉಪ್ಪ ಹಿತ್ತಲಿನ ಕಡೆಯಿಂದಲೇ ಬಂದು, ಎಣ್ಣೆಯ ಹಳೆ ಕ್ಯಾನನ್ನು ಎರಡೂ ಕೈಯಲ್ಲಿ ಮಗುವಿನಂತೆ ಎತ್ತಿಕೊಂಡು, ದೇವರ ಹೆಸರೆತ್ತಿ ಬಿಸ್ಮಿ ಹೇಳಿ ಬಾವಿಗೆ ಬಗ್ಗಿದ್ದರು. ಮಗಳು ಎಲ್ಲಿ ಎಂದು ಕೇಳಲಿಲ್ಲ. "ಸ್ವಲ್ಪ ಸಮಯ ಯಾರೂ ಏನೂ ಹಾಕ್ಬೇಡಿ, ಅದರಷ್ಟಕ್ಕೆ ಬಿಡಿ," ಎಂದು ಹೇಳಿ ಹೋಗಿದ್ದರು.

ಕಾರಿನ ಬಳಿ ಮಾಮಿ ಹಿಂದಿನ ಬಾಗಿಲು ತೆರೆದು ಒಳಗೆ ಕುಳಿತರು. "ನನಗೆ ಕಾಲು ನೀಡ್ಬೇಕು. ನೀನು ಮುಂದೆ ಕೂತ್ಕೋ."

ಮುಂದೆ ಅವಳಿಗೂ ಬಾಸಿತನಿಗೂ ನಡುವೆ ಒಂದು ಗೇರಿನ ಕೋಲಿನಷ್ಟೇ ಜಾಗ. ಅವನು ಗುಳಿಗೆಯ ಪೊಟ್ಟಣ ನೋಡಿದ, ಅವಳನ್ನು ನೋಡಿದ, ಕಾರು ಎಬ್ಬಿಸಿದ. ಪೇಟೆ ದಾಟಿತು. ಗಾಜು ಇಳಿದೇ ಇತ್ತು. ಹಿಂದೆ ಮಾಮಿ ಕಣ್ಣು ಮುಚ್ಚಿದ್ದರು, ಆದರೆ ದ್ಸಿಕ್ರಿನ ಮಣಿಗಳು ಸರಿಯುತ್ತಿದ್ದವು. ಈ ಕಾರಿನ ಡಬ್ಬಿಯೊಳಗೇ ಹೇಳಬೇಕು, ಇಲ್ಲವಾದರೆ ಎಂದಿಗೂ ಇಲ್ಲ.

"ಡಾಕ್ಟರ್ ಎಂತ ಹೇಳಿದ್ರು?" ಎಂದು ಕೊನೆಗೆ ಅವನೇ ಕೇಳಿದ.

ಅವಳು ಎದುರಿನ ರಸ್ತೆಗೆ ಹೇಳಿದಳು. ಒಳಗೆ ಸೋಂಕು ಉಂಟು, ಗುಳಿಗೆ ಉಂಟು, ಅದು ಮುಗಿಯುವವರೆಗೆ ದೂರ ಇರಬೇಕು. ಔಷಧಿ ಹಾಕಿ ತೊಳೆದದ್ದರಿಂದ ಜಾಸ್ತಿಯಾದದ್ದು. "ವಾಸನೆಗೆ ಹೆದರಿ ತೊಳೆದದ್ದು," ಎಂದಳು. "ನಿಮಗೆ ಅವತ್ತೇ ಗೊತ್ತಾಯ್ತಲ್ಲ. ಕಿಟಕಿ ತೆರೆದಿರಿ."

ಬಾಸಿತ್ ಗೇರ್ ಇಳಿಸಿದ. ಎದುರಿನ ಬಸ್ಸಿಗೆ ದಾರಿ ಬಿಟ್ಟ. "ಕಿಟಕಿ ತೆರೆದದ್ದು ಬಖೂರಿಗೆ," ಎಂದ. "ಹಗಲಿಡೀ ಅಂಗಡಿಯಲ್ಲಿ ಅದೇ ಹೊಗೆ, ಕೋಣೆಗೆ ಹೋದರೆ ಅಂಗಿಯಲ್ಲಿ ಅದೇ. ಊಟದಲ್ಲೂ ಅದೇ ರುಚಿ. ಊರಿಗೆ ಬಂದು ಬಾಗಿಲು ತೆರೆದರೆ ಅಲ್ಲೂ ಅದೇ ಅಂಗಡಿ. ಹೇಳಿದರೆ ನಿನಗೆ ಬೇಜಾರಾಗ್ತದೆ ಅಂತ ಹೇಳ್ಲಿಲ್ಲ. ಮತ್ತೆ ನೀನು ಗೋಡೆ ಕಡೆ ತಿರುಗಿದಿ. ನಾನು ಬಂದದ್ದೇ ನಿನಗೆ ಬೇಡ ಅಂತ ಎಣಿಸಿದೆ."

ಅವಳು ಅವನ ಮಾತನ್ನು ನಂಬಬೇಕೆಂದಿದ್ದಳು. ನಂಬಿದರೆ ಇಷ್ಟು ದಿನ ಗೋಡೆಯನ್ನು ನೋಡಿದ್ದೆಲ್ಲ ಏನಾಯಿತು? ಅವನು ಒಳ್ಳೆಯವನು, ಒಳ್ಳೆಯವರು ಸುಳ್ಳನ್ನೂ ಚೆನ್ನಾಗಿ ಹೇಳುತ್ತಾರೆ. ಆ ಮೂಗಿಗೆ ಬಖೂರಿನ ಕೆಳಗಿನದ್ದು ತಿಳಿಯದೆ ಇದ್ದೀತೆ? ಕೇಳಬಹುದಿತ್ತು. ಹಿಂದೆ ಮಣಿಗಳ ಸದ್ದು ನಿಂತಿತ್ತು. ಅವಳು ಕೇಳಲಿಲ್ಲ.

ಸಿದ್ಧಕಟ್ಟೆ ಬಂತು. ಪೇಟೆಯ ತುದಿಯಲ್ಲಿ, ನೆರಳಿನಲ್ಲಿ, ಮೊಪೆಡ್ ನಿಂತಿತ್ತು. ಹಸನಬ್ಬ ಯಾರಿಗೋ ಮೀನು ಕೊಟ್ಟು ಕೈ ಕೊಡವುತ್ತಿದ್ದರು. ಕಾರನ್ನು ಗುರುತಿಸಿ ಕೈ ಎತ್ತಲು ಹೋಗಿ, ಅಳಿಯನ ಕಾರೆಂದು ನೆನಪಾಗಿ, ಕೈಯನ್ನು ಅರ್ಧಕ್ಕೇ ಇಳಿಸಿ ಲುಂಗಿಗೆ ಒರೆಸಿಕೊಂಡರು. ಆ ಒರೆಸಿದ್ದು ಮಾಜಿದಾಳಿಗೆ ಕಂಡಿತು. ಎಷ್ಟು ವರ್ಷಗಳಿಂದ ಅವರು ಹೀಗೆ ಅವಳೆದುರು ಕೈ ಒರೆಸಿಕೊಳ್ಳುತ್ತಿದ್ದಾರೆ?

"ನಿಲ್ಲಿಸಿ," ಎಂದಳು.

ಅವಳು ಇಳಿದು ಹೋದಳು. "ಮೈ ಹುಷಾರಿಲ್ವಾ ಮಗಳೇ? ಮೂಡುಬಿದಿರೆಗೆ ಹೋದದ್ದಾ?" ಎಂದು ಅವರು ಒಂದು ಹೆಜ್ಜೆ ಹಿಂದೆ ಸರಿದೇ ಕೇಳಿದರು.

"ಹುಷಾರಾಗ್ತದೆ. ಬಂಗುಡೆ ಉಂಟಾ ಉಪ್ಪ?"

"ಉಂಟು ಉಂಟು, ಬೆಳಿಗ್ಗೆಯದ್ದು. ಆದರೆ ಕಾರಲ್ಲಿ ಬೇಡ ಮಗಳೇ, ನಾರ್ತದೆ. ಅಳಿಯನಿಗೆ ಆಗ್ಲಿಕ್ಕಿಲ್ಲ. ನಾನು ಸಂಜೆ ಮನೆಗೇ ತಂದುಕೊಡ್ತೇನೆ. ಹಿತ್ತಲಲ್ಲಿ ಇಟ್ಟು ಹೋಗ್ತೇನೆ."

"ಈಗಲೇ ಕೊಡಿ," ಎಂದು ಅವಳು ಕೈ ಚಾಚಿದಳು. ಚೀಲದ ಜೊತೆಗೆ ಅವರ ಬೆರಳುಗಳೂ ಅವಳ ಕೈಗೆ ಬಂದವು, ತಣ್ಣಗೆ, ಐಸಿನಂತೆ. ಅವಳು ಕೂಡಲೇ ಬಿಡಲಿಲ್ಲ.

ಕಾರಿನಲ್ಲಿ ಚೀಲವನ್ನು ಮಡಿಲಲ್ಲೇ ಇಟ್ಟುಕೊಂಡಳು. ನೀರು ಜಿನುಗಿ ಬುರ್ಖಾಕ್ಕೆ ಇಳಿಯಿತು. ಊದನ್ನು, ಬಖೂರನ್ನು, ಆಸ್ಪತ್ರೆಯನ್ನು ಬದಿಗೆ ಸರಿಸಿ ಕಾರಿನ ತುಂಬ ಬಂಗುಡೆಯ ವಾಸನೆ ಎದ್ದಿತು. ಹಿಂದಿನ ಸೀಟಿನಿಂದ ಮಾಮಿ, ಕಣ್ಣು ತೆರೆಯದೆಯೇ, "ಪುಳಿಮುಂಚಿ ಸಾರು ಮಾಡು," ಎಂದರು.

ಬಾಸಿತನ ಕೈ ಗಾಜಿನ ಗುಂಡಿಯ ಮೇಲಿತ್ತು. ಅದು ಯಾವ ಕಡೆಗೆ ಒತ್ತುತ್ತದೆ ಎಂದು ಅವಳು ನೋಡಲಿಲ್ಲ, ಎದುರಿಗೆ ನೋಡಿದಳು.

"ಗಾಜು ಹಾಕಲಾ?" ಅವನು ಕೇಳಿದ.

"ಹಾಕಿ," ಎಂದಳು.

ಗಾಜು ಮೇಲಕ್ಕೆ ಸರಿಯುವ ಸದ್ದು ಕೇಳಿಸಿತು. ಗಾಳಿ ನಿಂತಿತು. ಅವಳು ಮೂಗಿನಿಂದ, ನಿಧಾನವಾಗಿ, ಉಸಿರೆಳೆದುಕೊಂಡಳು.